ನಲವತ್ತು ಪರ್ಸೆಂಟ್ ಕಡಿತದ ಲ್ಯಾಪ್‌ಟಾಪ್

ಹೆಂಗಸು ಬಗ್ಗಿ ಲ್ಯಾಪ್‌ಟಾಪಿಗೆ ಕಿವಿ ಇಟ್ಟಳು.

ಸೇಲ್ಸ್‌ಮನ್ ನಗು ನುಂಗಿಕೊಂಡ. ಹನ್ನೊಂದು ವರ್ಷದ ಸರ್ವೀಸಿನಲ್ಲಿ ಲ್ಯಾಪ್‌ಟಾಪನ್ನು ಕಲ್ಲಂಗಡಿ ಹಣ್ಣಿನ ಹಾಗೆ ಪರೀಕ್ಷೆ ಮಾಡುವ ಗಿರಾಕಿಯನ್ನು ಅವನು ಕಂಡಿರಲಿಲ್ಲ.

“ಇದೇನಪ್ಪ, ಸದ್ದೇ ಇಲ್ಲ?”

“ಅದೇ ಅಮ್ಮ ಇದರ ಸ್ಪೆಷಾಲಿಟಿ. ಆನ್ ಆಗಿದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ.”

ಹಸಿ ಸುಳ್ಳು. ಅದು ಗೇಮಿಂಗ್ ಲ್ಯಾಪ್‌ಟಾಪ್. ಹತ್ತು ನಿಮಿಷ ಆಟ ಆಡಿದರೆ ಒಳಗಿನ ಫ್ಯಾನು ಬೊಬ್ಬೆ ಹೊಡೆಯುತ್ತಿತ್ತು. ಅಂಗಡಿಯಲ್ಲಿ ಅದನ್ನು ಸೈಲೆಂಟ್ ಮೋಡಿನಲ್ಲಿಟ್ಟು ಬಾಯಿ ಮುಚ್ಚಿಸಿದ್ದರು, ಅಷ್ಟೇ. ಕೊಂಡವರಿಬ್ಬರು ತಲೆನೋವೆಂದು ವಾಪಸ್ ತಂದು ಒಗೆದಿದ್ದರು. ಈಗ ಅದರ ಬೆನ್ನಿಗೆ ಕೆಂಪು ಚೀಟಿ: ನಲವತ್ತು ಪರ್ಸೆಂಟ್ ಕಡಿತ.

ಮ್ಯಾನೇಜರ್ ಬೆಳಿಗ್ಗೆಯೇ ಹೇಳಿದ್ದ: “ಸಂಜೆ ಒಳಗೆ ಆ ಶನಿ ತೊಲಗಬೇಕು. ಇಲ್ಲಾಂದ್ರೆ ನಾಳೆಯಿಂದ ಅದರ ಜೊತೆ ನೀನೂ ಗೋಡೌನಲ್ಲಿ ಕೂತ್ಕೋ.” ಗೋಡೌನು ನೆಲದಡಿಯಲ್ಲಿತ್ತು. ಕಿಟಕಿ ಇರಲಿಲ್ಲ. ಅಲ್ಲಿಗೆ ಇಳಿದ ಸೇಲ್ಸ್‌ಮನ್ ಮತ್ತೆ ಮೇಲೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ಹನ್ನೊಂದು ವರ್ಷ ಟೈ ಕಟ್ಟಿಕೊಂಡು ಮೆರೆದವನು ಬೆಳಿಗ್ಗೆಯಿಂದ ಆ ಮೆಟ್ಟಿಲ ಕಡೆ ತಿರುಗಿಯೂ ನೋಡಿರಲಿಲ್ಲ.

ಗಿರಾಕಿಗಳನ್ನು ಅವನು ಅವರ ಕಾಲು ನೋಡಿ ಅಳೆಯುತ್ತಿದ್ದ. ಇವಳದ್ದು ಹಿಮ್ಮಡಿ ಸವೆದ ರಬ್ಬರ್ ಚಪ್ಪಲಿ. ಕೈಯಲ್ಲಿ ಬಟ್ಟೆ ಚೀಲ. ಇಂಥವರ ತಲೆಗೆ ಏನನ್ನು ಬೇಕಾದರೂ ಕಟ್ಟಬಹುದು.

“ಯಾರಿಗಮ್ಮ ಇದು?”

“ಮಗನಿಗೆ. ಇಪ್ಪತ್ತು ವರ್ಷ. ರೂಮಲ್ಲಿ ಕೂತ್ಕೊಂಡು ಆಟ ಆಡ್ತಾನೆ.”

“ಕಾಲೇಜು?”

“ಈಗ ಹೋಗ್ತಿಲ್ಲ.”

“ಮನೇಲಿ ಒಂದೂ ಇಲ್ವಾ?”

“ಇದೆ. ಅದು ಸದ್ದು ಮಾಡಲ್ಲ.”

ಆಹಾ! ಎಂಥ ಸಂಸಾರ! ಇಪ್ಪತ್ತರ ಹೋರಿ ಬಾಗಿಲು ಹಾಕಿಕೊಂಡು ಗುಂಡು ಹಾರಿಸುವ ಆಟ ಆಡುತ್ತದೆ. ಚೆನ್ನಾಗಿರುವ ಯಂತ್ರ ಮನೆಯಲ್ಲೇ ಇದ್ದರೂ ತಾಯಿ ಚಪ್ಪಲಿ ಸವೆಸಿಕೊಂಡು ಇನ್ನೊಂದು ಹುಡುಕುತ್ತಾಳೆ. ಇಂಥ ತಾಯಂದಿರೇ ಅಲ್ಲವೇ ಊರಿನ ಸೋಮಾರಿಗಳನ್ನೆಲ್ಲ ಸಾಕುವುದು! ಥೂ, ಎಂದುಕೊಂಡ ಸೇಲ್ಸ್‌ಮನ್. ಮುಖದ ಮೇಲೆ ಮಾತ್ರ ಜೇನು ಸುರಿಯುತ್ತಿತ್ತು.

“ಗ್ರಾಫಿಕ್ಸ್ ಫಸ್ಟ್ ಕ್ಲಾಸ್. ಸ್ವಲ್ಪ ಭಾರ, ಪರದೆ ಸ್ವಲ್ಪ ಮಂಕು. ಈ ಬೆಲೆಗೆ ಅಷ್ಟು ಸಹಿಸ್ಕೋಬೇಕು. ಬ್ಯಾಟರಿ ಆರು ಗಂಟೆ ಬರುತ್ತೆ.”

ಹೆಂಗಸಿನ ಮುಖ ಬಾಡಿತು. “ಅಷ್ಟೊಂದಾ? ಒಂದೆರಡು ಗಂಟೆಗೆ ಖಾಲಿ ಆಗೋದು ಇಲ್ವಾ?”

ಪಕ್ಕದ ಕೌಂಟರಿನಲ್ಲಿ ಮೊಬೈಲ್ ಮಾರುತ್ತಿದ್ದ ಹುಡುಗಿ ಮುಖ ತಿರುಗಿಸಿಕೊಂಡು ಕಿಸಕ್ಕೆಂದಳು. ಸೇಲ್ಸ್‌ಮನ್ ಅವಳಿಗೆ ಕಣ್ಣು ಹೊಡೆದ. ಚೌಕಾಸಿಯ ಹೊಸ ವರಸೆ ಇದು: ಇರುವ ಗುಣವನ್ನೇ ದೋಷ ಮಾಡಿ ಬೆಲೆ ಇಳಿಸುವುದು.

“ಅಮ್ಮ, ಇನ್ನು ಒಂದು ಪೈಸೆ ಇಳಿಯಲ್ಲ.”

“ದುಡ್ಡಿನ ಮಾತಲ್ಲಪ್ಪ. ಇದು ನಮಗೆ ಆಗಿಬರಲ್ಲ ಬಿಡು.” ಹೆಂಗಸು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ಹೊರಟೇಬಿಟ್ಟಳು.

ಗಾಜಿನ ಕೋಣೆಯೊಳಗಿಂದ ಮ್ಯಾನೇಜರ್ ಕತ್ತೆತ್ತಿ ನೋಡಿದ. ಗಂಟೆ ಐದೂವರೆ. ಸೇಲ್ಸ್‌ಮನ್ನನ ಸಹನೆಯ ಕಟ್ಟೆ ಒಡೆಯಿತು.

“ನಿಲ್ಲಿ! ಸದ್ದು ತಾನೇ ಬೇಕು ನಿಮಗೆ? ಕೇಳ್ಕೊಳ್ಳಿ!”

ಬಟನ್ ಒತ್ತಿ ಸೈಲೆಂಟ್ ಮೋಡ್ ತೆಗೆದ. ಕಾರ್ ರೇಸಿನ ಆಟ ಹಚ್ಚಿದ. ನೋಡನೋಡುತ್ತಿದ್ದಂತೆ ಫ್ಯಾನು ಮಿಕ್ಸಿಯ ಹಾಗೆ ಕಿರುಚತೊಡಗಿತು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಇದೇ ಇದರ ಬಂಡವಾಳ! ಪಕ್ಕದ ರೂಮಲ್ಲಿ ಮಲಗಿದೋರಿಗೂ ನಿದ್ದೆ ಬರಲ್ಲ. ಬ್ಯಾಟರಿ ಒಂದು ಗಂಟೆ ಬಂದ್ರೆ ನಿಮ್ಮ ಪುಣ್ಯ. ಸಮಾಧಾನ ಆಯ್ತಾ?”

ಹೆಂಗಸು ತಿರುಗಿ ಬಂದಳು. ಕೌಂಟರಿನ ಹಿಂದಿದ್ದ ಸ್ಟಾಕ್ ರೂಮಿಗೆ, ಯಾರನ್ನೂ ಕೇಳದೆ, ನೆಟ್ಟಗೆ ನಡೆದಳು. ಒಳಗಿನಿಂದ ಬಾಗಿಲು ಹಾಕಿಕೊಂಡಳು. ಅರ್ಧ ನಿಮಿಷ ಬಿಟ್ಟು ಹೊರಗೆ ಬಂದಾಗ ಅವಳ ಮುಖ ಅರಳಿತ್ತು.

“ಬಾಗಿಲು ಹಾಕಿದ್ರೂ ಕೇಳ್ಸುತ್ತೆ. ಇದನ್ನೇ ಕೊಡಪ್ಪ.”

ಬುದ್ಧಿ ನೆಟ್ಟಗಿಲ್ಲ, ಪಾಪ. ಆದರೂ ಸೇಲ್ಸ್‌ಮನ್ನನಿಗೆ ಹೋದ ಜೀವ ಬಂದ ಹಾಗಾಯಿತು. ಆಕೆಯ ಮನಸ್ಸು ಬದಲಾಗುವ ಮೊದಲೇ ಬಿಲ್ಲು ಹರಿದ. ಪೆಟ್ಟಿಗೆ ಕಟ್ಟತೊಡಗಿದ. ಆಕೆ ಇಟ್ಟಿಗೆಯಂಥ ಚಾರ್ಜರನ್ನು ಪೆಟ್ಟಿಗೆಯಿಂದ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

“ಇದು ನಡುಮನೇಲೇ ಇರ್ಲಿ. ಚಾರ್ಜ್ ಮುಗಿದ್ರೆ ಹೊರಗೆ ಬರ್ಲೇಬೇಕಲ್ಲ ಅವ್ನು.” ಆಮೇಲೆ ದನಿ ತಗ್ಗಿಸಿ ಕೇಳಿದಳು: “ಸದ್ದು ನಿಲ್ಸೋ ಆ ಬಟನ್ ಇದ್ಯಲ್ಲ, ಅದು ಕೆಲ್ಸ ಮಾಡ್ದೇ ಇರೋ ಹಾಗೆ ಮಾಡ್ಕೊಡ್ತೀಯಾ?”

ಮಾಡಿಕೊಟ್ಟ. ಎರಡು ನಿಮಿಷದ ಕೆಲಸ. ಆದರೆ ಗೆದ್ದವನ ನಾಲಿಗೆ ಸುಮ್ಮನಿರುತ್ತದೆಯೇ? ಪಕ್ಕದ ಹುಡುಗಿಗೂ ಕೇಳಿಸುವಂತೆ ಗಟ್ಟಿಯಾಗಿಯೇ ಹೇಳಿದ:

“ಬೇಜಾರು ಮಾಡ್ಕೋಬೇಡಿ ಅಮ್ಮ, ಮಗನ್ನ ಹೀಗೆ ಮುದ್ದು ಮಾಡಿ ಹಾಳು ಮಾಡ್ತಿದೀರ. ಅವನು ರಾತ್ರಿಯೆಲ್ಲ ಆಡ್ತಾನೆ, ನಿಮಗೇ ನಿದ್ದೆ ಇರಲ್ಲ ನೋಡ್ತಿರಿ.”

“ಆಡ್ಲಿ,” ಎಂದಳು ಹೆಂಗಸು, ಬಿಲ್ಲು ಮಡಚುತ್ತಾ. “ಹೋದ ತಿಂಗಳು ಅವ್ನ ರೂಮಲ್ಲಿ ಸದ್ದೇ ಇರ್ಲಿಲ್ಲ. ಮಲಗಿದಾನೆ, ಮಲಗ್ಲಿ ಅಂತ ನಾನು ಎರಡು ಗಂಟೆ ಬಾಗಿಲ ಹೊರಗೇ ಕೂತಿದ್ದೆ. ಆಮೇಲೆ ಬಾಗಿಲು ಒಡೆದು ಎತ್ಕೊಂಡು ಹೋದ್ವಿ. ಹೇಗೋ ಜೀವ ಉಳೀತು ಕಣಪ್ಪ. ನಾಳೆ ಆಸ್ಪತ್ರೆಯಿಂದ ಮನೆಗೆ ಕಳಿಸ್ತಾರೆ.”