ಬೆಚ್ಚಗಿನ ಮುಖ

ರೋಮಿನ ಸೆನೆಟ್‌ನಲ್ಲಿ ಮತ ಹಾಕುವ ಹಕ್ಕು ಸತ್ತವರಿಗೆ ಮಾತ್ರ. ಅವರ ಮೇಣದ ಮುಖವಾಡಗಳೇ ಹೌದು, ಇಲ್ಲ ಅನ್ನುತ್ತವೆ. ಬದುಕಿರುವವರ ಕೆಲಸ ಅವನ್ನು ಹೊತ್ತೊಯ್ಯುವುದಷ್ಟೆ. ಮುಖವಾಡ ಮಾಡುವ ರುಫಿನಾಳ ಅಂಗಡಿಗೆ ಬೆಳಿಗ್ಗೆಯೇ ಸರ್ವಿಲಿಯಸ್ ಬಂದ.

“ನಾಳೆ ನನ್ನ ಮಸೂದೆ ಮತಕ್ಕೆ ಬರತ್ತೆ. ಒಂದೇ ಒಂದು ಮತ ಕಡಿಮೆ. ಮೇಣ ಕಾಯಿಸು.”

“ಕಾಯಿಸ್ತೀನಿ ಸ್ವಾಮಿ. ಆದ್ರೆ ಹೆಣ ಬೆಚ್ಚಗಿರೋವಾಗ್ಲೇ ಅಚ್ಚು ತೆಗೀಬೇಕು. ತಣ್ಣಗಾದ್ರೆ ಮುಖವಾಡ ಮಾತಾಡಲ್ಲ. ಯಾರ ಮುಖ?”

“ನನ್ನ ತಮ್ಮಂದು. ಒಂದು ದಿನಾನೂ ನನ್ನ ಮಾತು ಮೀರಿದವನಲ್ಲ.”

ಅಷ್ಟರಲ್ಲಿ ಆ ತಮ್ಮ, ಡೆಸಿಮಸ್, ನಗುತ್ತಾ ಒಳಗೆ ಬಂದ. ಗಡ್ಡ ನುಣ್ಣಗೆ ಬೋಳಿಸಿತ್ತು. ಹಣೆಯಿಂದ ಗದ್ದದವರೆಗೆ ಎಣ್ಣೆ ಹೊಳೆಯುತ್ತಿತ್ತು. ಮೇಣ ಅಂಟದಿರಲೆಂದು ರುಫಿನಾ ಹೆಣಗಳಿಗೆ ಹಚ್ಚುವ ಎಣ್ಣೆಯೇ ಅದು. ಅವಳು ತಲೆ ಎತ್ತದೆ ಒಲೆಗೆ ಇನ್ನೊಂದು ಸೌದೆ ತುರುಕಿದಳು.

“ಅಣ್ಣಾನೇ ನಿಂತು ಕ್ಷೌರ ಮಾಡಿಸ್ದ, ತನ್ನ ಕೈಯಾರೆ ಎಣ್ಣೆ ಹಚ್ಚಿದ,” ಎಂದ ಡೆಸಿಮಸ್, ಹೆಮ್ಮೆಯಿಂದ. “ನಾಳೆ ಸೆನೆಟ್‌ಗೆ ನನ್ನನ್ನೂ ಕರ್ಕೊಂಡು ಹೋಗ್ತಾನಂತೆ.”