ತೆಳು ಅಕ್ಷರ

"ತೆಳು," ಎಂದರು ಇಂಜಿನಿಯರ್ ಕೌಟ್ನಿ.

ಅಳತೆಯ ಉಪಕರಣವನ್ನು ಯರ್ಮಿಲಾಳ ಪುಟ್ಟ ನೀಲಿ ವಿಮಾನದ ಮೈಯಿಂದ ಎತ್ತಿ, ಕನ್ನಡಕವನ್ನು ಹಣೆಗೇರಿಸಿ, ತೀರ್ಪು ಮುಗಿಸಿದರು. "ಅಕ್ಷರದ ಗೆರೆ ಮಿಲಿಮೀಟರಿನ ಐದನೇ ಒಂದು ಭಾಗ ತೆಳು."

ಸಭಾಂಗಣದಲ್ಲಿ ಹ್ಯಾಮ್ ಹೋಳಿಟ್ಟ ಬ್ರೆಡ್ಡು ತಿನ್ನುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು. ಚೆಕ್ ದೇಶದ ಮೊರಾವಿಯಾದ ಆ ಊರಿನ ಮಾದರಿ ವಿಮಾನ ಸಂಘದಲ್ಲಿ ಯಾರ ಸಂಸಾರ ಮುರಿದರೂ ಇಷ್ಟು ಗಾಬರಿಯಾಗುತ್ತಿರಲಿಲ್ಲ.

ಈ ಸಲದ ಸ್ಪರ್ಧೆಯೇ ಬೇರೆ. ಹಳೆಯ ಅಂಚೆ ವಿಮಾನವೊಂದನ್ನು ಸಂಗ್ರಹಾಲಯದವರು ಹೊಸದಾಗಿ ಬಣ್ಣ ಬಳಿದು ನಿಲ್ಲಿಸಿದ್ದರು. ಅದರ ಎಪ್ಪತ್ತೆರಡನೇ ಒಂದರಷ್ಟು ಗಾತ್ರದ ಮಾದರಿಗಳಲ್ಲಿ ಗೆದ್ದದ್ದು ಪಕ್ಕದ ಗಾಜಿನ ಪೆಟ್ಟಿಗೆ ಸೇರುತ್ತದೆ. ಜೊತೆಗೆ ಗೆದ್ದವರು ಬರೆದುಕೊಟ್ಟ ವಿವರದ ಚೀಟಿ. ಆ ಚೀಟಿಯಲ್ಲಿ ಯರ್ಮಿಲಾಳಿಗೆ ಬೇಕಿದ್ದದ್ದು ಒಂದೇ ಹೆಸರು: ಅಲೋಯಿಸ್ ಹ್ರಬಾನೆಕ್. ಅವಳ ಅಪ್ಪ. ಆ ವಿಮಾನದ ಪಕ್ಕೆಯ ಮೇಲೆ ಐದು ಬಿಳಿ ಅಕ್ಷರಗಳನ್ನು ಕುಂಚ ಹಿಡಿದು ಬರೆದವನು. ವಿಮಾನ ಹಾರಿಸಿದವನ ಹೆಸರು ಒಂದು ಬೀದಿಗಿದೆ. ಬರೆದವನ ಹೆಸರು ಅವನ ಗೋರಿಗಷ್ಟೇ.

ಅವಳು ಚೀಲದಿಂದ ಹಳದಿ ತಿರುಗಿದ ಕಾಗದದ ಸುರುಳಿ ತೆಗೆದಳು. "ಇಂಜಿನಿಯರೇ, ಇದು ಅಪ್ಪ ವಿಮಾನದ ಮೇಲೇ ಹಾಸಿ ಗೆರೆ ಎಳೆದ ಕಾಗದ. ಅಳೆದು ನೋಡಿ."

"ಕಾಗದ ಹಾರುತ್ತೇನ್ರೀ? ವಿಮಾನ ಅಲ್ಲಿ ನಿಂತಿದೆ. ಹೋದ ವಾರ ನಾನೇ ಏಣಿ ಹತ್ತಿ ಅಳೆದು ಬಂದಿದೀನಿ."

"ಆದ್ರೆ ಬರೆದೋರು ಅಪ್ಪಾನೇ ಅಲ್ವಾ?"

"ಹಾಗಾದ್ರೆ ನಿಮ್ಮಪ್ಪಾನೇ ತಪ್ಪು ಗೆರೆ ಎಳೆದಿರ್ಬೇಕು," ಎಂದು ಕೌಟ್ನಿ ಅಂಕ ಕಳೆದರು.

ಪಕ್ಕದ ಮೇಜಿನ ಮೇಲಿದ್ದದ್ದು ನಿವೃತ್ತ ದಂತವೈದ್ಯ ಹುದೆಚೆಕ್ಕರ ವಿಮಾನ. ಅದರ ಅಕ್ಷರ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಸಂಗ್ರಹಾಲಯದ ಅಳತೆಗೆ ಕೂತಿತು. ಮೊದಲ ಬಹುಮಾನ.

"ಬೇಜಾರು ಮಾಡ್ಕೋಬೇಡಿ ಯರ್ಮಿಲಾ," ಎಂದರು ಡಾಕ್ಟರು. "ಹೆಂಗಸರಿಗೆ ಎಲ್ಲಾ ತೆಳ್ಳಗಿರಬೇಕು ಅಂತ ಆಸೆ."

"ನೀವು ಹಲ್ಲು ಕಟ್ಟೋವಾಗ್ಲೂ ಹೀಗೇನಾ ಡಾಕ್ಟರೇ? ಪಕ್ಕದ್ಮನೆಯೋರ ಬಾಯಿ ಅಳ್ಕೊಂಡು?"

ಜನ ನಕ್ಕರು. ಬಹುಮಾನಕ್ಕೆಂದು ಡಾಕ್ಟರಿಗೆ ಚಪ್ಪಾಳೆಯೂ ಸಿಕ್ಕಿತು. ಯರ್ಮಿಲಾ ಮಾತ್ರ ಭೂತಗನ್ನಡಿ ಹಿಡಿದು ಗೆದ್ದ ವಿಮಾನದ ಮೇಲೆ ಬಾಗಿದಳು.

ಬಿಳಿಯಷ್ಟು ಕಾಡುವ ಬಣ್ಣ ಇನ್ನೊಂದಿಲ್ಲ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿಯೇ ಇರುವುದಿಲ್ಲ. ಸ್ಕ್ರೀನ್ ಪ್ರಿಂಟಿಂಗ್ ಚೌಕಟ್ಟು ಕಟ್ಟಿ, ಅಂಟಿನ ಹಾಳೆಯ ಮೇಲೆ ಅಕ್ಷರಗಳನ್ನು ಕೈಯಿಂದಲೇ ಒತ್ತಬೇಕು. ಆಮೇಲೆ ನೀರಲ್ಲಿ ನೆನೆಸಿ, ವಿಮಾನದ ಮೈಮೇಲೆ ಜಾರಿಸಿ ಕೂರಿಸಬೇಕು. ಕಡುನೀಲಿಯ ಮೇಲೆ ಒಂದೇ ಪದರದ ಬಿಳಿ ಮಂಕಾಗಿ ಕಾಣುತ್ತದೆ. ಅವಸರದವರು ಇನ್ನೊಮ್ಮೆ ಒತ್ತುತ್ತಾರೆ. ಎರಡನೆಯದು ಮೊದಲನೆಯದರ ಮೇಲೆ ಸರಿಯಾಗಿ ಕೂರುವುದಿಲ್ಲ, ಅಕ್ಷರ ಊದಿಕೊಳ್ಳುತ್ತದೆ. ಕಲಿಯುವವರೆಲ್ಲ ಹೀಗೆ ಕೆಡಿಸಿಯೇ ಕಲಿಯುವುದು. ಈಗ ಯರ್ಮಿಲಾಳ ಕೈ ಒಂದೇ ಎಳೆತಕ್ಕೆ ಹಾಲಿನಂಥ ಬಿಳಿ ಇಳಿಸುತ್ತದೆ.

ಡಾಕ್ಟರ ಅಕ್ಷರಗಳಿಗೆ ಎರಡೆರಡು ಅಂಚು. ಎರಡು ಸಲ ಒತ್ತಿದ್ದು, ಅನುಮಾನವೇ ಇಲ್ಲ. ಹಾಗಿದ್ದರೆ ಈ ಊದಿದ ಅಕ್ಷರ ನಿಜವಾದ ವಿಮಾನದ ಮೇಲೆ ಹೇಗೆ ಬಂತು?

ಸಂಗ್ರಹಾಲಯದ ನಿರ್ದೇಶಕರ ಹಲ್ಲು ಕಟ್ಟಿದವರು ಇದೇ ಹುದೆಚೆಕ್. ಅವಳಿಗೆ ಎಲ್ಲವೂ ಹೊಳೆಯಿತು.

ಸೋಮವಾರ ಬೆಳಿಗ್ಗೆ ಸಂಗ್ರಹಾಲಯಕ್ಕೆ ಮೊದಲ ಬಸ್ಸು ಹಿಡಿದಳು. ವಿಮಾನದ ಕೆಳಗೆ ಬೊಹೌಶ್ ಎಂಬ ಬಣ್ಣದ ಕೆಲಸಗಾರ ಚಹಾ ಕುಡಿಯುತ್ತ ಕೂತಿದ್ದ. ತಲೆಯ ಮೇಲೆ ಐದು ದಪ್ಪ ಅಕ್ಷರಗಳು, ಹಬ್ಬದೂಟ ಉಂಡವರ ಹಾಗೆ.

"ಅಕ್ಷರದ ಅಳತೆ ಎಲ್ಲಿಂದ ತಂದ್ರಿ?"

ಬೊಹೌಶ್ ಅತ್ತಿತ್ತ ನೋಡಿದ. "ಹೊರಗೆಲ್ಲೂ ಹೇಳ್ಬೇಡಿ ಮೇಡಂ. ಹಳೇ ಬಣ್ಣ ಕೆರೆಯೋವಾಗ ಅಕ್ಷರಾನೂ ಹೋಯ್ತು. ಒಂದು ಫೋಟೋನೂ ತೆಗೆದಿಟ್ಟಿರ್ಲಿಲ್ಲ. ಕೊನೆಗೆ ಈ ಆಟದ ವಿಮಾನಕ್ಕೆ ಅಂಟಿಸ್ತಾರಲ್ಲ, ಅಂಥ ಅಕ್ಷರದ ಹಾಳೆ ಸಿಕ್ತು. ಎಪ್ಪತ್ತೆರಡು ಪಟ್ಟು ಹಿಗ್ಗಿಸಿ ಬರೆದುಬಿಟ್ಟೆ."

"ಕೊಟ್ಟೋರು ಡಾಕ್ಟರ್ ಹುದೆಚೆಕ್."

"ಅಯ್ಯೋ, ನಿಮಗೆ ಹೇಗೆ ಗೊತ್ತಾಯ್ತು?"

ಯರ್ಮಿಲಾ ಮೊದಲ ಬಾರಿಗೆ ನಕ್ಕಳು. ತಾನೇ ಅಳತೆ ಕೊಟ್ಟು, ಆ ಅಳತೆಗೆ ತಾನೇ ಗೆದ್ದ ಮಹಾನುಭಾವ! "ಆ ಹಾಳೆ ಕೊಡಿ. ನಮ್ಮಪ್ಪನ ಅಕ್ಷರ ಕೆಡಿಸಿದೋರು ಯಾರೂಂತ ಇಡೀ ಸಂಘದ ಮುಂದೆ ತೋರಿಸಿ, ಬಹುಮಾನ ವಾಪಸ್ ತಗೊಳ್ದಿದ್ರೆ ನಾನು ಹ್ರಬಾನೆಕ್ ಮಗಳೇ ಅಲ್ಲ."

"ಕೊಟ್ಟಿದ್ದು ಡಾಕ್ಟರು ನಿಜ, ಆದ್ರೆ ಮಾಡಿದ್ದು ಅವರಲ್ಲ ಮೇಡಂ. ನಿಮ್ಮ ಸಂಘದಲ್ಲಿ ಬೇಡದ್ದನ್ನ ಹಾಕೋ ಡಬ್ಬಿ ಇದೆಯಂತಲ್ಲ, ಅದ್ರಲ್ಲಿ ಎರಡು ಹಾಳೆ ಸಿಕ್ಕಿದ್ವಂತೆ. ಒಂದು ಅವರಿಟ್ಕೊಂಡ್ರು, ಒಂದು ನಮಗೆ ಕೊಟ್ರು."

ಬೊಹೌಶ್ ಒಳಗೆ ಹೋಗಿ, ಗೋಡೆಯಿಂದ ಚೌಕಟ್ಟು ಇಳಿಸಿ, ಹಾಳೆಯನ್ನು ಜೋಪಾನವಾಗಿ ಬಿಡಿಸಿ ತಂದ. "ನಿರ್ದೇಶಕರು ಇದನ್ನ ಮೂಲ ದಾಖಲೆ ಅಂತಾರೆ. ಹಿಂದೆ ಏನೋ ಗೀಚಿದೆ, ನಾವ್ಯಾರೂ ಓದಕ್ಕೆ ಹೋಗ್ಲಿಲ್ಲ."

ಯರ್ಮಿಲಾ ಹಾಳೆಯನ್ನು ತಿರುಗಿಸಿದಳು. ಪೆನ್ಸಿಲ್ಲಿನಲ್ಲಿ, ಇಪ್ಪತ್ತು ವರ್ಷ ಹಿಂದಿನ ಅವಳದೇ ಗುಂಡು ಗುಂಡಾದ ಕೈಬರಹ: "ಎರಡು ಸಲ ಒತ್ತಿ ಕೆಡಿಸಿದೆ. ಯಾರೂ ಬಳಸಬೇಡಿ. — ಯರ್ಮಿಲಾ."