ಹೆಳವರ ಪುಸ್ತಕದಲ್ಲೊಂದು ಹೆಸರು

ಹೊಸ ಜೋಳದ ಚೀಲ ಬಿಚ್ಚಿದಾಗ ಏಳುವ ದೂಳಿನ ವಾಸನೆಗೆ, ಗೋಪನಕೊಪ್ಪದ ನಮ್ಮ ಮನೆಗೆ ಹೆಳವ ಬಂದಿದ್ದ ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಒಕ್ಕಲು ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಬಂದು ಓದಿ ಹೇಳುವುದು ಹೆಳವರ ಕಸುಬು. ಅವನು ಕಟ್ಟೆಯ ಮೇಲೆ ಕೂತು, ಬಟ್ಟೆಯಲ್ಲಿ ಸುತ್ತಿದ್ದ ಪುಸ್ತಕ ಬಿಚ್ಚಿ, ನಮ್ಮ ಹಿರಿಯರು ಯಾವ ಊರಿನಿಂದ ಬಂದರು, ಯಾವ ಹೊಲ ಯಾರ ಪಾಲಿಗೆ ಹೋಯಿತು ಎಂದು ರಾಗವಾಗಿ ಓದಿದ. ಕೊನೆಗೆ ಅಪ್ಪನ ಹೆಸರೂ ಕಾಕಾನ ಹೆಸರೂ ಬಂದವು. ಅವನಿಗೆ ಕೊಡಲು ಮೊರದಲ್ಲಿ ಜೋಳ ತಂದಿದ್ದ ಅಜ್ಜಿ ಕೇಳಿದಳು:

“ನಮ್ಮ ಗಂಗಾನ ಹೆಸರು ಓದಲಿಲ್ಲಲ್ಲಪಾ?”

“ಹೆಣ್ಮಕ್ಕಳ ಹೆಸರು ಬರಿಯಂಗಿಲ್ರೀ ಯವ್ವಾ. ಅವರು ಕೊಟ್ಟ ಮನಿಗೆ ಸೇರತಾರ.”

“ಆಕೀನ ಎಲ್ಲಿ ಕೊಟ್ಟೇವಿ? ಸಣ್ಣಾಕಿ ಇದ್ದಾಗ ಜ್ವರ ಬಂದು ಇದ ಮನ್ಯಾಗ ಹೋದ್ಲು. ಆಕಿ ಹೆಸರು ಮತ್ತ್ಯಾರ ಪುಸ್ತಕದಾಗ ಇರತೈತಿ?”

ಹೆಳವ ಅಜ್ಜನ ಮುಖ ನೋಡಿದ. ನಮಗೆ ಅಂಥ ಅತ್ತೆಯೊಬ್ಬಳು ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಅಜ್ಜ ಜಗಿಯುತ್ತಿದ್ದ ಎಲೆ ಅಡಿಕೆ ಉಗುಳಿ ಬಂದ.

“ಗಂಗಾ ಅಲ್ಲ, ಗಂಗವ್ವ ಅಂತ ಬರಿ,” ಅಂದ. “ನಮ್ಮವ್ವನ ಹೆಸರು ಇಟ್ಟಿದ್ದೆ. ಹಿರೇಮಗಳು. ಹುಡುಗರಕಿಂತ ಮ್ಯಾಲೆ ಬರಿ.”

ಮೇಲೆ ಜಾಗವಿರಲಿಲ್ಲ. ಹೆಳವ ಅಪ್ಪನ ಹೆಸರಿನ ನೆತ್ತಿಗೆ ತಾಗಿಸಿ, ಸಣ್ಣ ಅಕ್ಷರಗಳಲ್ಲಿ ನಿಧಾನವಾಗಿ ಬರೆದ.